ಮಾರಿದ ಮಗನ ಹೆಸರು

ಪೆನಾಲ್ಟಿ ಕೊಟ್ಟದ್ದು ಸರಿಯಾಗಿಯೇ ಇತ್ತು. ಊರಿನ ತಂಡವಾದ ಆಕ್ಚಾಲಿಯ ಹುಡುಗ ಎದುರಾಳಿಯ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದದ್ದನ್ನು ತಂತಿಬೇಲಿಗೆ ಮೂಗು ಒತ್ತಿಕೊಂಡು ನಿಂತಿದ್ದ ಮುದುಕರೂ ಕಂಡಿದ್ದರು. ಆದರೆ ಆಟ ಮುಗಿಯುವ ಹೊತ್ತು, ಎರಡೂ ಕಡೆ ಗೋಲು ಸಮ, ಊರಿನವರ ಸಿಟ್ಟು ಮೂಗಿನ ತುದಿಯಲ್ಲಿತ್ತು. ಸೀಟಿ ಊದಿದ್ದೇ ತಡ, ಮೆಟ್ಟಿಲುಗಳ ಮೇಲೆ ಕೂತಿದ್ದವರೆಲ್ಲ ಎದ್ದು ಚಪ್ಪಾಳೆಯ ತಾಳಕ್ಕೆ ರೆಫರಿಯ ಹೆಸರು ಕೂಗತೊಡಗಿದರು. ಸತಿಲ್ಮಿಶ್, ಸತಿಲ್ಮಿಶ್, ಸತಿಲ್ಮಿಶ್.

ಸತಿಲ್ಮಿಶ್ ಎಂದರೆ ಮಾರಾಟವಾದವನು. ದುಡ್ಡು ತಿಂದು ಆಟ ಕೆಡಿಸಿದ ರೆಫರಿಯನ್ನು ತುರ್ಕಿಯ ಯಾವ ಮೈದಾನದಲ್ಲಾದರೂ ಹಾಗೆಯೇ ಬೈಯುತ್ತಾರೆ. ಇವನಿಗೆ ಮಾತ್ರ ಅದು ಹುಟ್ಟಿದ ವಾರದಲ್ಲಿ ಇಟ್ಟ ಹೆಸರು, ಗುರುತಿನ ಚೀಟಿಯಲ್ಲಿ ಇದ್ದ ಹೆಸರು. ಹಾಗಾಗಿ ಅವನನ್ನು ಬೈದವರ ಮೇಲೆ ದೂರು ಕೊಡಲೂ ಬರುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ತಪ್ಪೇನು ಎಂದು ಅವರು ಕೇಳುತ್ತಿದ್ದರು. ಹೊರಊರಿನ ತಂಡದವರಿಗೆ ಈ ಸಂಗತಿ ತಿಳಿಯದಿದ್ದರೆ ಊರಿನವರೇ ಕೂಗಿ ಹೇಳುತ್ತಿದ್ದರು. ಆಮೇಲೆ ಎರಡು ಕಡೆಯವರೂ ಸೇರಿ ನಗುತ್ತಿದ್ದರು. ಜಿಲ್ಲೆಯ ಹವ್ಯಾಸಿ ಲೀಗಿನಲ್ಲಿ ಸೀಟಿ ಊದಲು ಶುರುಮಾಡಿದ ಕಾಲದಿಂದ ಅವನು ಇದನ್ನು ಕಿವಿಗೆ ಹಾಕಿಕೊಳ್ಳುವುದು ಬಿಟ್ಟಿದ್ದ. ಭಾನುವಾರ ಮೈದಾನ, ಉಳಿದ ದಿನ ಚೋರುಮ್ ರಸ್ತೆಯ ಪಕ್ಕದ ತನ್ನ ಅಂಗಡಿಯಲ್ಲಿ ಕಡಲೆ ಹುರಿಯುವುದು. ಬಾಂಡಲೆಯ ಮುಂದೆ ನಿಂತವನಿಗೆ ಯಾರ ಮಾತೂ ಬಹಳ ಹೊತ್ತು ನೆನಪಿರುತ್ತಿರಲಿಲ್ಲ.

ಆದರೆ ಅವತ್ತು ಅವನ ಮಗಳು ಬಶಾಕ್ ಮೊದಲ ಸಲ ಆಟ ನೋಡಲು ಬಂದಿದ್ದಳು. ಜೊತೆಗೆ ಶಾಲೆಯ ಗೆಳತಿಯನ್ನೂ ಕರೆದುಕೊಂಡು ಬಂದಿದ್ದಳು. ಕೂಗು ಎದ್ದಾಗ ಅವನು ಒಮ್ಮೆ ಮೆಟ್ಟಿಲುಗಳ ಕಡೆ ನೋಡಿದ. ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಬಶಾಕ್ ತನ್ನ ಬೂಟಿನ ದಾರ ಕಟ್ಟುತ್ತಿದ್ದಳು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

ಸಂಜೆ ಊಟಕ್ಕೆ ಕೂತಾಗಲೂ ಅವಳ ತಲೆ ಮೇಲಕ್ಕೆದ್ದಿರಲಿಲ್ಲ. ಅವಳ ತಾಯಿ ಸೆಹೆರ್ ಸೂಪು ಬಡಿಸಿ, ಏನಾಯಿತೆಂದು ಕಣ್ಣಲ್ಲೇ ಗಂಡನನ್ನು ಕೇಳಿದಳು. ಅವನು ಹೆಗಲು ಕುಣಿಸಿದ. ಕೊನೆಗೆ ಮಗಳೇ ಬಾಯಿ ಬಿಟ್ಟಳು.

"ಅಪ್ಪಾ, ಬೇಜಾರು ಮಾಡ್ಕೋಬೇಡ. ಹೋದ ವಾರ ಟೀಚರು ಮನೆಯವರ ಹೆಸರಿನ ಅರ್ಥ ಎಲ್ಲ ಕೇಳ್ಕೊಂಡು ಬನ್ನಿ ಅಂದಿದ್ರು. ನಂದು ಗೋಧಿ ತೆನೆ ಅಂದೆ. ಅಮ್ಮಂದು ನಸುಕು ಅಂದೆ. ನಿಂದು ಕೇಳಿದಾಗ, ಅದಕ್ಕೆ ಅರ್ಥ ಇಲ್ಲ, ಬರೀ ಹೆಸರು ಅಂದ್ಬಿಟ್ಟೆ."

"ಯಾಕಮ್ಮಾ? ಎಲ್ಲರಿಗೂ ಗೊತ್ತಿರೋ ಮಾತೇ ಅಲ್ವಾ ಅದು?"

"ಗೊತ್ತಿತ್ತು. ಅದಕ್ಕೇ ಎಲ್ಲ ನಕ್ಕಿದ್ದು."

ಸತಿಲ್ಮಿಶ್ ರೊಟ್ಟಿ ಮುರಿದು ಸೂಪಿನಲ್ಲಿ ಅದ್ದಿದ, ಅದ್ದಿದ್ದನ್ನು ತಿನ್ನುವುದು ಮರೆತ. ತನ್ನನ್ನು ನೋಡಿ ಊರು ನಕ್ಕರೆ ಅದು ಬೇರೆ. ಹತ್ತು ವರ್ಷದ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಅಪ್ಪನಿಗಾಗಿ ಸುಳ್ಳು ಹೇಳಬೇಕಾಗಿ ಬಂದದ್ದು ಬೇರೆ. ಅವತ್ತೇ ಅವನು ಹೆಂಡತಿಗೆ ಹೇಳಿದ, ಕೋರ್ಟಿಗೆ ಅರ್ಜಿ ಹಾಕಿ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದು.

ಸೆಹೆರ್ ಇದನ್ನು ಮದುವೆಯ ದಿನದಿಂದ ಹೇಳುತ್ತಲೇ ಬಂದಿದ್ದವಳು. ಮದುವೆಯ ಕಾಗದದಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಅಚ್ಚಾಗಿ ಬಂದಾಗ ಅವಳ ಸೋದರಮಾವ ಅದನ್ನು ಗಟ್ಟಿಯಾಗಿ ಓದಿ, ನಸುಕು ಮಾರಾಟವಾಯಿತು, ಇನ್ನು ಈ ಮನೆಯಲ್ಲಿ ಬೆಳಗಾಗುವುದಿಲ್ಲ ಎಂದು ನಗೆಯಾಡಿದ್ದ. ಆ ಮಾತಿಗೆ ಅವಳು ಮಾವನನ್ನು ಇನ್ನೂ ಕ್ಷಮಿಸಿರಲಿಲ್ಲ. ಆದರೂ ಈಗ ಗಂಡ ಹೊರಟುನಿಂತಾಗ ಅವಳೇ ತಡೆದಳು. "ಅರ್ಜಿ ಆಮೇಲೆ. ಮೊದಲು ಕೆಳಗಡೆ ಹೇಳು," ಎಂದಳು.

ಕೆಳಗಡೆ ಎಂದರೆ ಅವನ ತಾಯಿ ಎಲ್ಮಾಸ್ ಇದ್ದ ಭಾಗ. ಆ ಹೆಸರಿನ ಕಥೆಯೆಲ್ಲ ಅವಳದೇ.

ಎಲ್ಮಾಸ್ ಈ ಮನೆಗೆ ಸೊಸೆಯಾಗಿ ಬಂದ ಮರುವರ್ಷ ಹೆಣ್ಣುಮಗು ಹೆತ್ತಳು. ಚಂದ್ರನಂತಿದೆ ಎಂದು ಕಾಮೆರ್ ಎಂದೇ ಹೆಸರಿಟ್ಟರು. ಹಲ್ಲು ಮೂಡುವ ಮೊದಲೇ ಹೋಯಿತು. ಎರಡನೆಯದು ಗಂಡು. ಊರಿನ ಹಿರಿಯರು ಹೇಳಿದಂತೆ ಅದಕ್ಕೆ ದುರ್ಸುನ್ ಎಂದು ಕರೆದರು, ನಿಲ್ಲಲಿ ಎಂಬ ಅರ್ಥ. ಅದು ನಿಲ್ಲಲಿಲ್ಲ. ಮೂರನೆಯದಕ್ಕೆ ಯಶಾರ್ ಎಂದರು, ಬದುಕುತ್ತಾನೆ ಎಂದು. ಅವನೂ ಒಂದು ಚಳಿಗಾಲ ಕಳೆಯಲಿಲ್ಲ. ಬೇಡಿಕೊಂಡದ್ದಾಯಿತು, ಗದರಿ ಹೇಳಿದ್ದಾಯಿತು. ನಾಲ್ಕನೆಯ ಮಗು ಹುಟ್ಟಿದಾಗ ಉಳಿದಿದ್ದ ದಾರಿ ಮೋಸ ಮಾಡುವುದೊಂದೇ.

ಪಕ್ಕದ ಮನೆಯ ಹೂರಿಗೆ ಏಳು ಮಕ್ಕಳು, ಒಂದೂ ಕೈತಪ್ಪಿರಲಿಲ್ಲ. ಮಗು ಹುಟ್ಟಿದ ವಾರದಲ್ಲಿ ಎಲ್ಮಾಸ್ ಅದನ್ನು ಬಟ್ಟೆಯಲ್ಲಿ ಸುತ್ತಿ ಆ ಮನೆಯ ಬಾಗಿಲಿಗೆ ಒಯ್ದಳು. ಹೂರಿ ತಾನು ತೊಟ್ಟ ಅಂಗಿಯ ಕುತ್ತಿಗೆಯ ಕಡೆಯಿಂದ ಮಗುವನ್ನು ಒಳಗೆ ಇಳಿಸಿ ಕೆಳಗಿನಿಂದ ಹೊರಗೆ ತೆಗೆದಳು, ತಾನೇ ಹೆತ್ತಂತೆ. ಒಂದು ತಟ್ಟೆ ಗೋಧಿ ಕೊಟ್ಟು ಕೊಂಡುಕೊಂಡಳು. ಆಮೇಲೆ, ನನ್ನ ಮಗನಿಗೆ ನೀನು ಹಾಲು ಕೊಟ್ಟು ಸಾಕು ಎಂದು ಎಲ್ಮಾಸ್‌ಳ ಕೈಗೇ ಕೊಟ್ಟಳು. ಹೆಸರು ಸತಿಲ್ಮಿಶ್. ಎಲ್ಮಾಸ್‌ಳ ಮಗುವನ್ನು ಹುಡುಕಿಕೊಂಡು ಬರುವವರು ಯಾರೇ ಇರಲಿ, ಈ ಮನೆಯಲ್ಲಿ ಅವರಿಗೆ ಸಿಗುವುದು ಹೂರಿಯ ಮಗು. ಅವಳ ಮಕ್ಕಳ ತಂಟೆಗೆ ಹೋಗಿ ಪ್ರಯೋಜನವಿಲ್ಲವೆಂದು ತಿರುಗಿ ಹೋಗಬೇಕು. ಲೆಕ್ಕಾಚಾರ ಅಷ್ಟೇ.

ಹುಡುಗ ಬದುಕಿದ. ಗುಂಡುಕಲ್ಲಿನಂತೆ ಬೆಳೆದ. ಊರಲ್ಲಿ ಅಂಥ ಹೆಸರಿನವರು ಇನ್ನೂ ಕೆಲವರಿದ್ದರು. ಅವರ ತಾಯಂದಿರು ಮಗು ನಡೆಯಲು ಶುರುಮಾಡಿದ ಮೇಲೆ ಮೋಸದ ಆಟ ಮರೆತು ಮಗನೇ ಎಂದು ಕರೆಯತೊಡಗಿದ್ದರು. ಎಲ್ಮಾಸ್ ಮರೆಯಲಿಲ್ಲ. ಅವನನ್ನು ಅವಳು ಯಾವತ್ತೂ ಮಗನೇ ಎನ್ನಲಿಲ್ಲ. "ಹೂರಿ ಹುಡುಗ" ಎಂದೇ ಕರೆದಳು. ಅವನಿಗೆ ಮಾತು ಬಂದಾಗ ತನ್ನನ್ನು ಅಕ್ಕ ಎಂದು ಕರೆಯಲು ಕಲಿಸಿದಳು. ಹೂರಿಯನ್ನು ಅವ್ವ ಎನ್ನಲು ಹೇಳಿಕೊಟ್ಟಳು. ಅವನಿಗೆ ಜ್ವರ ಬಂದರೆ ರಾತ್ರಿಯಿಡೀ ತಲೆಯ ಬಳಿ ಕೂತಿರುತ್ತಿದ್ದಳು, ಬೆಳಿಗ್ಗೆ ಯಾರಾದರೂ ವಿಚಾರಿಸಿದರೆ ಪಕ್ಕದ ಮನೆಯ ಹುಡುಗನಿಗೆ ಹುಷಾರಿಲ್ಲ ಎನ್ನುತ್ತಿದ್ದಳು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಯಾರೂ ತಿದ್ದುತ್ತಿರಲಿಲ್ಲ. ಈಗ ಅವನಿಗೆ ಮೂವತ್ತೆಂಟಾಗಿ, ಕೂದಲಿಗೆ ಬಿಳಿ ಬಂದರೂ ಅವಳು ಹೂರಿ ಹುಡುಗ, ಅವನು ಅಕ್ಕ.

ಅವನು ಕೆಳಗಿಳಿದು ವಿಷಯ ಹೇಳಿದಾಗ ಎಲ್ಮಾಸ್ ಮೊಣಕಾಲ ಮೇಲೆ ಜರಡಿ ಇಟ್ಟುಕೊಂಡು ಅವರೆ ಆರಿಸುತ್ತಿದ್ದಳು. ಕೈ ನಿಂತಿತು. ಆಮೇಲೆ ಆರಿಸಿದ್ದನ್ನೂ ಆರಿಸದ್ದನ್ನೂ ಒಟ್ಟಿಗೆ ಸುರಿದುಬಿಟ್ಟಳು.

"ಚೆನ್ನಾಗಿದ್ದೀಯಲ್ಲ," ಎಂದಳು. "ತಿಂದುಂಡು ಗಟ್ಟಿಮುಟ್ಟಾಗಿದ್ದೀಯಲ್ಲ. ಅದನ್ಯಾಕೆ ಕೆದಕ್ತೀಯ?"

"ಅಕ್ಕಾ, ನಂಗೆ ನಲವತ್ತು ಹತ್ರ ಬಂತು. ಇನ್ನು ಯಾರು ಬಂದು ತೊಟ್ಟಿಲಿಂದ ಎತ್ಕೊಂಡು ಹೋಗ್ತಾರೆ?"

"ನಗಾಡ್ಬೇಡ." ಅವಳ ದನಿ ಒಡೆಯಿತು. "ಅದಕ್ಕೆ ವಯಸ್ಸು ಗೊತ್ತಾಗಲ್ಲ."

ಅವನು ಮಗಳ ಮಾತು ಹೇಳಿದ, ಶಾಲೆಯಲ್ಲಿ ನಡೆದದ್ದನ್ನು ಹೇಳಿದ. ಮೊಮ್ಮಗಳೆಂದರೆ ಪ್ರಾಣ ಬಿಡುವ ಎಲ್ಮಾಸ್ ಅದಕ್ಕೂ ಕರಗಲಿಲ್ಲ. ಕೊನೆಗೆ ಜರಡಿಯನ್ನು ಗೋಡೆಗೆ ಒರಗಿಸಿ ಎದ್ದಳು. ನನ್ನನ್ನೇಕೆ ಕೇಳುತ್ತೀಯ, ನೀನೇನು ನನ್ನ ಸ್ವತ್ತಲ್ಲ, ಕೊಂಡುಕೊಂಡವಳನ್ನು ಹೋಗಿ ಕೇಳು ಎಂದು ಒಳಗೆ ಹೋದಳು. ಅದು ನಿರಾಕರಣೆ ಎಂದು ಅವನಿಗೆ ಗೊತ್ತಿತ್ತು. ಹೂರಿಗೆ ಎಂಬತ್ತು ದಾಟಿತ್ತು. ನೀನು ಕೊಂಡು ಇಟ್ಟ ಹೆಸರು ಬೇಡವೆಂದು ಆ ಮುದುಕಿಯ ಎದುರು ಹೇಳುವ ಧೈರ್ಯ ಇವನಿಗೆ ಬರುವುದಿಲ್ಲ ಎಂದು ತಾಯಿ ಎಣಿಸಿದ್ದಳು.

ಎಣಿಕೆ ಬಹುಮಟ್ಟಿಗೆ ಸರಿಯೇ ಆಗಿತ್ತು. ಅವನು ಒಂದು ವಾರ ಆ ಬಾಗಿಲ ಮುಂದೆ ಹಾದುಹೋದ, ಒಳಗೆ ಹೋಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅಂಗಡಿಯಿಂದ ಬರುವಾಗ ಹುರಿಗಡಲೆಯನ್ನು ನುಣ್ಣಗೆ ಪುಡಿಮಾಡಿ ಸಕ್ಕರೆ ಬೆರೆಸಿ ಪೊಟ್ಟಣ ಕಟ್ಟಿಕೊಂಡು ಹೋದ. ಹೂರಿಗೆ ಹಲ್ಲು ಹೋದ ಮೇಲೆ ಅವನು ತರುತ್ತಿದ್ದುದು ಅದನ್ನೇ. ಅವಳು ಅಂಗಳದ ಹಿಪ್ಪುನೇರಳೆ ಮರದಡಿ ಚಾಪೆಯ ಮೇಲೆ ಕಾಲು ಚಾಚಿಕೊಂಡಿದ್ದಳು. ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ನಾಲಿಗೆಗೆ ಹಾಕಿ, ಅವನ ಮುಖ ನೋಡಿದಳು.

"ಒಂದು ವಾರದಿಂದ ಬೆಕ್ಕಿನ ಥರ ಬಾಗಿಲಲ್ಲಿ ಸುಳಿದಾಡ್ತಿದ್ದೀಯ. ಬೊಗಳು."

ಅವನು ತಡವರಿಸುತ್ತಾ ಹೇಳಿದ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು. ಅವಳ ಕಣ್ಣಲ್ಲಿ ನೀರು ಬರಬಹುದು, ಅಥವಾ ಪಕ್ಕದಲ್ಲಿದ್ದ ಕೋಲು ಬರಬಹುದು ಎಂದು ಅವನು ಕಾದ. ಎರಡೂ ಬರಲಿಲ್ಲ.

"ನಾನು ಆರನೇದಕ್ಕೆ ಯೆತೆರ್ ಅಂತ ಇಟ್ಟೆ. ಸಾಕು ಅಂತ. ದೇವರಿಗೆ ಕೇಳಿಸ್ಲಿಲ್ಲ. ಏಳನೇದು ಬಂತು. ಅದಕ್ಕೆ ಸೊಂಗ್ಯುಲ್ ಅಂತ ಇಟ್ಟೆ, ಕೊನೇ ಗುಲಾಬಿ. ಕೊನೇ ಗುಲಾಬಿ ಬಿಟ್ಟಾದ್ಮೇಲೆ ನಿಮ್ಮಮ್ಮ ಇನ್ನೊಂದನ್ನ ತಂದು ಬಾಗಿಲಲ್ಲಿ ನಿಂತ್ಲು. ಅದನ್ನೂ ತಗೊಂಡೆ. ಹೆಸರುಗಳ ವಿಷಯ ನನ್ನನ್ನ ಕೇಳು, ನಂಗೊತ್ತು."

"ನಿಂಗೆ ಬೇಜಾರಾಗಲ್ವಾ ಅವ್ವಾ?"

"ಯಾಕಾಗ್ಬೇಕು? ಆ ಹೆಸರು ನಿಂಗೆ ಚೆಂದಕ್ಕೆ ಇಟ್ಟಿದ್ದಲ್ಲ, ಕೆಲಸಕ್ಕೆ ಇಟ್ಟಿದ್ದು. ಕೆಲಸ ಮುಗೀತು. ನೋಡು ಎಷ್ಟು ದಪ್ಪ ಆಗಿದ್ದೀಯ." ಅವಳು ಇನ್ನೊಂದು ಚಿಟಿಕೆ ಬಾಯಿಗೆ ಹಾಕಿದಳು. "ಆದ್ರೆ ಒಂದು ಮಾತು. ಕೊಂಡ್ಕೊಂಡಿದ್ದನ್ನ ನಾನು ಬೀದೀಲಿ ಬಿಡಲ್ಲ. ಕೊಟ್ಟವಳು ಬಂದು ತಗೋಬೇಕು. ಎಲ್ಮಾಸ್ ಬರ್ಲಿ, ಇವನು ನನ್ನೋನು ಅನ್ಲಿ. ಅವತ್ತು ಬಿಡ್ತೀನಿ."

ಅವನು ಮನೆಗೆ ಬಂದು ಇದನ್ನು ತಾಯಿಗೆ ಹೇಳಿದ. ಎಲ್ಮಾಸ್ ಹೋಗಲಿಲ್ಲ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಮೋಟುಗೋಡೆ. ಹೆಂಗಸರು ದಿನಕ್ಕೆ ನಾಲ್ಕು ಸಲ ಅದರ ಮೇಲಿಂದ ಮೊಸರು, ಪುದೀನ, ಬೈಗುಳ ಬದಲಾಯಿಸಿಕೊಳ್ಳುತ್ತಿದ್ದರು. ಈಗ ಎಲ್ಮಾಸ್ ಆ ಕಡೆ ಮುಖವನ್ನೇ ಹಾಕಲಿಲ್ಲ. ಸೆಹೆರ್ ಒಂದು ದಿನ ಅತ್ತೆಯ ಹತ್ತಿರ ಕೂತು ನಯವಾಗಿ ಮಾತು ತೆಗೆದಳು. ಎಲ್ಮಾಸ್ ಅವಳ ಕೈ ಹಿಡಿದುಕೊಂಡು, ನಿನಗೆ ಒಂದು ಮಗು ಹುಟ್ಟಿತು, ಆ ಒಂದೂ ಉಳಿಯಿತು, ದೇವರು ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ, ನನ್ನ ಭಯ ನಿನಗೆ ತಿಳಿಯುವುದು ಬೇಡ ಎಂದಳಂತೆ. ಸೆಹೆರ್ ಮೇಲೆ ಬಂದು ಗಂಡನ ಮುಂದೆ ಇದನ್ನು ಹೇಳಿ, ಇನ್ನು ಈ ವಿಷಯ ನಾನು ಎತ್ತುವುದಿಲ್ಲ ಎಂದಳು.

ಹೂರಿ ಒಪ್ಪಿದ ಮರುದಿನವೇ ಅರ್ಜಿ ಹಾಕಿಬಿಟ್ಟಿದ್ದ ಅವನಿಗೂ ಈಗ ಅದನ್ನು ಹಿಂದೆಗೆದುಕೊಳ್ಳುವ ಮನಸ್ಸಾಗಿತ್ತು. ಆದರೆ ಅಷ್ಟರಲ್ಲಿ ಕೋರ್ಟಿನಿಂದ ದಿನ ಗೊತ್ತಾಗಿ ಬಂತು. ಬಶಾಕ್ ಹೊಸ ಹೆಸರನ್ನೂ ಆರಿಸಿಟ್ಟಿದ್ದಳು. ಸೆರ್ಹಾನ್ ಎಂದು. ಯಾಕೆ ಎಂದರೆ ಕೇಳಲು ಚೆನ್ನಾಗಿದೆ ಎನ್ನುತ್ತಿದ್ದಳು. ಅವಳು ಅದನ್ನು ಒಂದೆರಡು ಸಲ ಗಟ್ಟಿಯಾಗಿ ಹೇಳಿ ನೋಡುವುದನ್ನು ಅವನು ಬಾಗಿಲ ಮರೆಯಿಂದ ಕೇಳಿಸಿಕೊಂಡಿದ್ದ. ಆಮೇಲೆ ಹಿಂದೆಗೆಯಲು ಆಗಲಿಲ್ಲ.

ಸಾಕ್ಷಿ ಬೇಕಿತ್ತು. ಹೂರಿ ತಾನೇ ಬರುತ್ತೇನೆಂದು ಹೊರಟಳು. ಮೊಮ್ಮಗಳ ಮದುವೆಗೆ ಹೊಲಿಸಿದ್ದ ಮಖಮಲಿನ ಕೋಟು ತೊಟ್ಟು, ಬಿಳಿ ತಲೆವಸ್ತ್ರ ಬಿಗಿದು, ಅವನ ತೋಳು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದಳು. ಹೊರಡುವ ಹೊತ್ತಿಗೆ ಎಲ್ಮಾಸ್‌ಳ ಬಾಗಿಲು ಮುಚ್ಚಿತ್ತು.

ಕಾರಿಡಾರಿನಲ್ಲಿ ಜನವೋ ಜನ. ಜಮೀನಿನ ಜಗಳದವರು, ವಿಚ್ಛೇದನದವರು, ಸುಮ್ಮನೆ ನೆರಳಿಗೆ ಬಂದವರು. ಕೋರ್ಟಿನ ಜವಾನ ಬಾಗಿಲು ತೆರೆದು, ಕುತ್ತಿಗೆ ಚಾಚಿ, ಪದ್ಧತಿಯಂತೆ ಹೆಸರನ್ನು ಗಟ್ಟಿಯಾಗಿ ಕೂಗಿದ. ಸತಿಲ್ಮಿಶ್. ಬೆಂಚಿನ ಮೇಲಿದ್ದ ಒಬ್ಬ ಮೀಸೆಯವನು, ಯಾರಪ್ಪಾ ಅದು, ವಕೀಲರಾ ಸಾಕ್ಷಿಯಾ ಎಂದು ಕೇಳಿದ. ಇಡೀ ಕಾರಿಡಾರು ನಕ್ಕಿತು. ಜವಾನನೂ ನಕ್ಕ. ಸತಿಲ್ಮಿಶ್ ತಲೆ ತಗ್ಗಿಸಿ ಒಳಗೆ ಹೋದ. ಹೂರಿ ಮಾತ್ರ ಮೀಸೆಯವನ ಮುಂದೆ ಒಂದು ಗಳಿಗೆ ನಿಂತು, ನಿನ್ನ ಹೆಸರೇನಪ್ಪ ಎಂದು ವಿಚಾರಿಸಿದಳು. ಅವನು ಅರ್ಸ್ಲಾನ್ ಎಂದ. ಅರ್ಸ್ಲಾನ್ ಎಂದರೆ ಸಿಂಹ. ಹೂರಿ ಅವನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ನಿನಗೂ ಇಲ್ಲಿ ಕೆಲಸವಿದೆ ಎಂದು ಹೇಳಿ ಮುಂದೆ ನಡೆದಳು. ಈಗ ಕಾರಿಡಾರು ನಕ್ಕದ್ದು ಮೀಸೆಯವನನ್ನು ನೋಡಿ.

ನ್ಯಾಯಾಧೀಶೆ ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕ ಮೂಗಿನ ಮೇಲೆ ಇಳಿದಿತ್ತು. ಮೇಜಿನ ಫಲಕದಲ್ಲಿ ಯೆತೆರ್ ಎಂದು ಹೆಸರು. ಓದು ಬಾರದ ಹೂರಿಗೆ ಸತಿಲ್ಮಿಶ್ ಅದನ್ನು ಕಿವಿಯಲ್ಲಿ ಹೇಳಿದ. ಕೂರಿಸುವವರೆಗೂ ಅವಳು ಸುಮ್ಮನಿರಲಿಲ್ಲ.

"ನೀನು ಎಷ್ಟನೆಯವಳಮ್ಮ?"

ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಬೆಚ್ಚಿ ತಲೆಯೆತ್ತಿದಳು. ನ್ಯಾಯಾಧೀಶೆ ಕನ್ನಡಕ ತೆಗೆದರು.

"ಐದನೆಯವಳು, ಅಜ್ಜಿ."

"ಆಮೇಲೆ?"

"ತಮ್ಮ ಹುಟ್ಟಿದ. ಹೆಣ್ಣು ಸಾಕು ಅಂತಲೇ ಇಟ್ಟಿದ್ದು."

"ಪುಣ್ಯವಂತೆ ನಿಮ್ಮಮ್ಮ. ನನ್ನ ಯೆತೆರ್ ನನ್ನ ಮಾತು ನಡೆಸ್ಲಿಲ್ಲ. ನೀನ್ಯಾಕೆ ಬದಲಾಯಿಸ್ಕೊಳ್ಲಿಲ್ಲ?"

"ಈ ಕುರ್ಚಿಗೆ ಅನುಕೂಲದ ಹೆಸರು ಅಜ್ಜಿ. ವಕೀಲರು ಮಾತು ಎಳೆದ್ರೆ ಫಲಕ ತೋರಿಸ್ತೀನಿ, ನಿಲ್ಲಿಸ್ತಾರೆ." ಕನ್ನಡಕ ಮತ್ತೆ ಮೂಗೇರಿತು. "ಈಗ ನೀವೂ ಸ್ವಲ್ಪ ನಿಲ್ಲಿಸಿ, ಇವರನ್ನ ಕೇಳ್ತೀನಿ."

ಸತಿಲ್ಮಿಶ್ ಮೈದಾನದ ಕೂಗಿನ ವಿಷಯ ಹೇಳಿದ. ಶಾಲೆಯ ವಿಷಯವನ್ನೂ ಹೇಳಿದ. ಹೂರಿ ತನ್ನ ಸಾಕ್ಷಿಯಲ್ಲಿ ಅಂಗಿಯ ಕುತ್ತಿಗೆಯಿಂದ ಹಿಡಿದು ತಟ್ಟೆ ಗೋಧಿಯವರೆಗೆ ಎಲ್ಲವನ್ನೂ ಹೇಳಿದಳು. ಗುಮಾಸ್ತೆ ಬರೆಯುವುದು ಯಾವುದು ಬಿಡುವುದು ಯಾವುದು ತಿಳಿಯದೆ ಸುಮ್ಮನೆ ಕೇಳುತ್ತಾ ಕೂತಳು. ಆ ಹೊತ್ತಿಗೆ ಬಾಗಿಲು ಸರಿಯಿತು. ಜವಾನ ಅಡ್ಡ ಬಂದರೂ ಅವನ ಕೈಯ ಕೆಳಗಿನಿಂದಲೇ ನುಸುಳಿ ಎಲ್ಮಾಸ್ ಒಳಗೆ ಬಂದಳು. ಮನೆಯಲ್ಲಿ ಹಾಕಿಕೊಳ್ಳುವ ಹೂವಿನ ಷಲ್ವಾರು, ಕಾಲಲ್ಲಿ ಅಂಗಳದ ರಬ್ಬರು ಚಪ್ಪಲಿ. ಹೊರಡುವ ಯೋಚನೆ ಇಲ್ಲದೆ ಹೊರಟುಬಿಟ್ಟವಳ ಹಾಗೆ ಏದುಸಿರು ಬಿಡುತ್ತಿದ್ದಳು.

ಇವರು ಯಾರೆಂದು ನ್ಯಾಯಾಧೀಶೆ ಕೇಳಿದರು. ಸತಿಲ್ಮಿಶ್ ಬಾಯಿ ತೆರೆದ. ಅಕ್ಕ ಎನ್ನಬೇಕೆ? ತಾಯಿ ಎನ್ನಬೇಕೆ? ಎಲ್ಮಾಸ್ ತಾನೇ ಮುಂದೆ ಬಂದು, ಒಂದು ಮಾತು ಹೇಳಬೇಕು, ಈ ಹೆಸರು ತೆಗೆಯಬೇಡಿ ಎಂದಳು. ತೆಗೆದರೆ ಏನಾಗುತ್ತದೆಂದು ಹೇಳಲು ಅವಳಿಗೆ ಆಗಲಿಲ್ಲ. ಆ ಮಾತನ್ನು ಅವಳು ಬಾಯಿಂದ ಯಾವತ್ತೂ ಆಡಿದವಳಲ್ಲ. ಸುಮ್ಮನೆ ಬೇಡ, ಬೇಡ ಎಂದಳು.

ನ್ಯಾಯಾಧೀಶೆ ಅವಳಿಗೆ ಕುರ್ಚಿ ಕೊಡಿಸಿದರು. ನೀರು ತರಿಸಿದರು. ನೀವು ಹೇಳುವುದನ್ನೂ ಬರೆದುಕೊಳ್ಳುತ್ತೇವೆ ಎಂದು ಸಮಾಧಾನ ಮಾಡಿ, ಗುಮಾಸ್ತೆಗೆ ಸನ್ನೆ ಮಾಡಿದರು. ಗುಮಾಸ್ತೆ ಬೆರಳುಗಳನ್ನು ಕೀಲಿಗಳ ಮೇಲಿಟ್ಟು, ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆಯನ್ನು ತಲೆಯೆತ್ತದೆ ಕೇಳಿದಳು.

"ಅರ್ಜಿದಾರರಿಗೆ ನೀವು ಏನಾಗ್ಬೇಕು?"

ಎಲ್ಮಾಸ್ ನೀರಿನ ಲೋಟ ಹಿಡಿದುಕೊಂಡು ಕೂತಳು. ಗುಮಾಸ್ತೆ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದಳು. ಸತಿಲ್ಮಿಶ್ ತಾಯಿಯ ಕಡೆ ನೋಡಲಾರದೆ ನೆಲ ನೋಡುತ್ತಿದ್ದ. ಪಕ್ಕದ ಮನೆಯವಳು ಎನ್ನುತ್ತಾಳೆ, ಎಂದುಕೊಂಡ. ಎನ್ನಲಿ. ಇಷ್ಟು ವರ್ಷ ಎಂದಿದ್ದಾಳೆ.

ಎಲ್ಮಾಸ್ ಹೂರಿಯನ್ನು ನೋಡಿದಳು. ಹೂರಿ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದಳು.

"ಹೇಳು ಎಲ್ಮಾಸ್," ಎಂದಳು. ಅವಳ ದನಿ ಅಷ್ಟು ಮೆತ್ತಗಿರುವುದನ್ನು ಯಾರೂ ಕೇಳಿರಲಿಲ್ಲ. "ನಂಗೆ ವಯಸ್ಸಾಯ್ತು. ನಾನು ಹೋದ ಮೇಲೆ ಇವನು ಯಾರ ಮಗ ಅಂತ ಹೇಳ್ತೀಯ? ಇಗೋ, ನಿನ್ನ ಕೈಗೇ ಕೊಡ್ತಿದ್ದೀನಿ. ತಗೋ."

ಎಲ್ಮಾಸ್ ಲೋಟವನ್ನು ಮೇಜಿನ ಮೇಲಿಟ್ಟಳು.

"ತಾಯಿ," ಎಂದಳು. "ಬರ್ಕೊಳ್ಳಮ್ಮ. ತಾಯಿ. ಇವನು ನನ್ನ ಮಗ."

ಗುಮಾಸ್ತೆ ಒತ್ತಿದ ಕೀಲಿಗಳು ಟಕಟಕ ಎಂದವು. ಮಾತು ಆಡಿದ ಮೇಲೆ ಎಲ್ಮಾಸ್ ಬಾಗಿಲ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದಳು. ಯಾರೂ ಬರಲಿಲ್ಲ. ಬೇಸಿಗೆಯ ಬಿಸಿಲು ಹಾಗೆಯೇ ಬಿದ್ದಿತ್ತು. ಮಗ ಎದುರಿಗೆ ನಿಂತಿದ್ದ, ಅಷ್ಟೆತ್ತರ, ಕಣ್ಣೊರೆಸಿಕೊಳ್ಳುತ್ತಾ. ಆಮೇಲೆ ಅವಳೂ ಅಳತೊಡಗಿದಳು. ಕೂಡಿಟ್ಟುಕೊಂಡಿದ್ದ ಅಳು ಅದು, ಬೇಗ ನಿಲ್ಲಲಿಲ್ಲ. ನ್ಯಾಯಾಧೀಶೆ ಫೈಲಿನ ಹಾಳೆಗಳನ್ನು ಸುಮ್ಮನೆ ಹಿಂದೆ ಮುಂದೆ ತಿರುವುತ್ತಾ ಅವಳಿಗೆ ಹೊತ್ತು ಕೊಟ್ಟರು.

ಕೊನೆಗೆ, ಈ ಹೆಸರು ತೆಗೆಯುವುದಕ್ಕೆ ಈಗಲೂ ನಿಮ್ಮ ವಿರೋಧವಿದೆಯೇ ಎಂದು ಅವರು ಕೇಳಿದರು. ಎಲ್ಮಾಸ್ ಮೂಗು ಒರೆಸಿಕೊಂಡು, ಹೊಸ ಹೆಸರು ಯಾವುದು ಎಂದು ಮಗನನ್ನು ಕೇಳಿದಳು. ಅವನು ಹೇಳಿದ. ಅದಕ್ಕೆ ಏನು ಅರ್ಥ ಎಂದಳು. ದೊರೆಗಳಿಗೆ ದೊರೆ ಎಂದೇನೋ ಇರಬೇಕು, ಬಶಾಕ್ ಆರಿಸಿದ್ದು ಎಂದ.

"ಅದ್ರಲ್ಲಿ ಯಾರನ್ನೂ ಬೇಡ್ಕೊಳ್ಳೋದು ಏನೂ ಇಲ್ವಲ್ಲ?"

"ಇಲ್ಲ."

"ಹಾಗಿದ್ರೆ ಇರ್ಲಿ," ಎಂದಳು. ಅಳುವಿನ ನಡುವೆಯೇ ಅವಳ ತುಟಿ ಸ್ವಲ್ಪ ಸಡಿಲವಾಯಿತು. "ಕಡಲೆ ಹುರಿಯೋ ದೊರೆ."

ತೀರ್ಪಾಗಿ, ಕಾಗದಪತ್ರ ಮುಗಿದು, ಹೊಸ ಗುರುತಿನ ಚೀಟಿ ಕೈಗೆ ಬರುವಷ್ಟರಲ್ಲಿ ಗೋಧಿ ಕೊಯ್ಲು ಮುಗಿದಿತ್ತು. ಊರಿಗೆ ಹೊಸ ಹೆಸರು ಬೇಗ ರೂಢಿಯಾಗಲಿಲ್ಲ. ಅಂಗಡಿಗೆ ಬಂದವರು ಸತಿಲ್ಮಿಶ್ ಎಂದು ಕರೆದು, ನಾಲಿಗೆ ಕಚ್ಚಿಕೊಂಡು ಸೆರ್ಹಾನ್ ಎಂದು ತಿದ್ದಿಕೊಳ್ಳುತ್ತಿದ್ದರು. ಕೆಲವರು ತಿದ್ದಿಕೊಳ್ಳುತ್ತಲೂ ಇರಲಿಲ್ಲ. ಹೂರಿಯಂತೂ ಹಳೆಯ ಹೆಸರನ್ನು ಬಿಡಲಿಲ್ಲ. ವಾಪಸ್ಸು ಕೊಟ್ಟಿದ್ದೇನೆ ನಿಜ, ಆದರೆ ಹಾಗೆ ಕರೆದು ನಾಲಿಗೆಗೆ ಅಭ್ಯಾಸವಾಗಿದೆ ಎನ್ನುತ್ತಿದ್ದಳು. ಹೊಸ ಲೀಗಿನ ಮೊದಲ ಆಟದಲ್ಲಿ ಅವನು ಊರಿನ ಹುಡುಗನಿಗೆ ಕೆಂಪು ಚೀಟಿ ತೋರಿಸಿದಾಗ ಮೆಟ್ಟಿಲುಗಳಿಂದ ಅದೇ ಕೂಗು ಎದ್ದಿತು. ಅವನು ರೂಢಿಯಂತೆ ತಿರುಗಿ ನೋಡಿದ, ಆಮೇಲೆ ಈಗ ಇದು ಬರೀ ಬೈಗುಳವಲ್ಲವೇ ಎಂಬುದು ನೆನಪಾಗಿ ನಗು ಬಂತು. ಬೈಗುಳವಾದರೆ ಎಲ್ಲ ರೆಫರಿಗಳಿಗೂ ಉಂಟು. ಬೇಲಿಯ ಬಳಿ ಬಶಾಕ್ ಗೆಳತಿಯ ಜೊತೆ ನಿಂತು ಕಡಲೆ ತಿನ್ನುತ್ತಿದ್ದಳು, ಕೂಗಿದವರ ಕಡೆ ತಿರುಗಿಯೂ ನೋಡಲಿಲ್ಲ.

ಹಬ್ಬದ ಹಿಂದಿನ ದಿನ ಊರಿನವರೆಲ್ಲ ತಮ್ಮ ತಮ್ಮವರ ಗೋರಿಗಳನ್ನು ನೋಡಲು ದಿಬ್ಬದ ಮೇಲಿನ ಸ್ಮಶಾನಕ್ಕೆ ಹೋಗುತ್ತಾರೆ. ಅವನ ತಂದೆ ಬದುಕಿದ್ದಾಗ ಒಬ್ಬನೇ ಹೋಗಿಬರುತ್ತಿದ್ದ. ತಂದೆ ತೀರಿಕೊಂಡ ಮೇಲೂ ಎಲ್ಮಾಸ್ ಹೂರಿ ಹುಡುಗ ಮನೆಯಲ್ಲೇ ಇರಲಿ ಎಂದು ತಾನೊಬ್ಬಳೇ ಹೋಗಿ ನೀರೆರೆದು ಬರುತ್ತಿದ್ದಳು. ಬೇಡವೆಂದು ಯಾಕೆ ಹೇಳುತ್ತಾಳೆಂದು ಯಾರೂ ಕೇಳುತ್ತಿರಲಿಲ್ಲ. ಈ ವರ್ಷ ಬೆಳಿಗ್ಗೆ ಅವಳೇ ಮೆಟ್ಟಿಲ ಕೆಳಗೆ ನಿಂತು, ಎಲ್ಲರೂ ಹೊರಡಿ ಎಂದಳು.

ಗಂಡನ ಗೋರಿಯ ಬಲಕ್ಕೆ, ಒಣಹುಲ್ಲಿನ ನಡುವೆ ಅಂಗೈ ಅಗಲದ ಮೂರು ಕಲ್ಲುಗಳಿದ್ದವು. ಕಲ್ಲುಗಳ ಮೇಲೆ ಏನೂ ಬರೆದಿರಲಿಲ್ಲ. ಎಲ್ಮಾಸ್ ನೆಲಕ್ಕೆ ಕುಕ್ಕರಿಸಿ, ಬಶಾಕ್‌ಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಹುಲ್ಲು ಕೀಳುತ್ತಾ ಒಂದೊಂದು ಕಲ್ಲನ್ನೂ ಮುಟ್ಟಿ ಹೇಳಿದಳು. ಇದು ಕಾಮೆರ್, ನಿನ್ನ ಅತ್ತೆ, ಚಂದ್ರ ಅಂತ ಅರ್ಥ. ಇವನು ದುರ್ಸುನ್, ನಿಲ್ಲಲಿ ಅಂತ. ಇವನು ಯಶಾರ್. ಹುಡುಗಿ ಆ ಹೆಸರುಗಳನ್ನು ಮೆಲ್ಲಗೆ ತಾನೂ ಹೇಳಿಕೊಂಡಳು. ಯಶಾರ್ ಚಿಕ್ಕಪ್ಪನೋ ದೊಡ್ಡಪ್ಪನೋ ಎಂದು ಕೇಳಿದಳು. ಬದುಕಿದ್ದಿದ್ದರೆ ದೊಡ್ಡಪ್ಪ ಎಂದಳು ಅಜ್ಜಿ. ಅವಳ ದನಿ ಅಳುವ ದನಿಯಾಗಿರಲಿಲ್ಲ. ಬಹಳ ದಿನದ ಮೇಲೆ ನೆಂಟರ ಮನೆಗೆ ಬಂದು ಸುದ್ದಿ ಹೇಳುವವರ ದನಿಯಾಗಿತ್ತು. ಸೆಹೆರ್ ತಂದಿದ್ದ ಸೇವಂತಿಗೆ ಸಸಿಗಳನ್ನು ಕಲ್ಲುಗಳ ಬುಡದಲ್ಲಿ ನೆಟ್ಟಳು.

ಸಸಿಗೆ ನೀರು ಬೇಕಾಯಿತು. ಅವನು ಬಿಂದಿಗೆ ಹಿಡಿದು ಇಳಿಜಾರಿನ ಕೆಳಗಿನ ನಲ್ಲಿಗೆ ಹೋಗಿದ್ದ. ಅಲ್ಲಿ ಸಾಲು ಇತ್ತು, ತಡವಾಗುತ್ತಿತ್ತು. ಎಲ್ಮಾಸ್ ಎದ್ದು, ಮೊಣಕಾಲ ಮಣ್ಣು ಕೊಡವಿ, ಎರಡು ಕೈಗಳನ್ನೂ ಬಾಯಿಯ ಸುತ್ತ ಹಿಡಿದು ಕೂಗಿದಳು.

"ಮಗನೇ, ಬೇಗ ಬಾ. ಬಿಸಿಲು ಏರ್ತಿದೆ."

ನಲ್ಲಿಯ ಬಳಿ ನಿಂತಿದ್ದ ಗಂಡಸರೆಲ್ಲ, ಬೋಳುತಲೆಯವರು, ಬಿಳಿಗಡ್ಡದವರು, ಒಟ್ಟಿಗೆ ತಲೆಯೆತ್ತಿ ದಿಬ್ಬದ ಕಡೆ ನೋಡಿದರು. ಅವರಲ್ಲೊಬ್ಬ ಬಿಂದಿಗೆಯನ್ನು ಹೆಗಲಿಗೇರಿಸಿ, ಬಂದೆ ಅಮ್ಮಾ ಎಂದು ಕೂಗಿ, ನೀರು ತುಳುಕಿಸುತ್ತಾ ಏರು ಹತ್ತತೊಡಗಿದ.